ಡಾಕ್ಟರಬಾಯಿ ಮತ್ತು ಹದಿನಾಲ್ಕು ಜ್ವರದ ಕಾರ್ಡುಗಳು

ಅವರ ಶ್ರದ್ಧಾಂಜಲಿ ಸಭೆಯಲ್ಲಿ ಕುರ್ಚಿಗಳು ಖಾಲಿ ಇದ್ದರೂ ನಾನು ಹಿಂದಿನ ಗೋಡೆಗೆ ತಾಗಿ ನಿಂತಿದ್ದೆ. ಸಂಸ್ಥೆಯ ಈಗಿನ ಮುಖ್ಯಸ್ಥರು ಗೌರವದಿಂದಲೇ ಮಾತನಾಡಿದರು. ಮಾತಿನ ನಡುವೆ, "ಇಷ್ಟು ದೀರ್ಘ ಸೇವೆಯಲ್ಲಿ ಅವರ ಹೆಸರಿನ ಮುಂದೆ ದಾಖಲಾಗಿರುವುದು ಒಂದೇ ಲೋಪ. ಒಂದು ತಂಡಕ್ಕೆ ಸರಿಯಾದ ತರಬೇತಿ ಕೊಡದೆ ಹೋದದ್ದು. ಅಷ್ಟು ಬಿಟ್ಟರೆ ನಿಷ್ಕಳಂಕ" ಎಂದರು. ಮುಂದಿನ ಸಾಲಿನಲ್ಲಿ ಇಬ್ಬರು ತಲೆಯಾಡಿಸಿದರು. ಮುಖ್ಯಸ್ಥರ ಉದ್ದೇಶ ಹೊಗಳುವುದೇ ಆಗಿತ್ತು.

ಆ ಲೋಪ ನನ್ನದು. ಅವರು ಕೊಟ್ಟ ತರಬೇತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಕೊನೆಗೆಂದು ಇಟ್ಟುಕೊಂಡರೆ ಬರೆಯುತ್ತಾ ಬರೆಯುತ್ತಾ ಮಾತು ನಯವಾಗಿ ಬೇರೆಲ್ಲಿಗೋ ತಿರುಗಿಬಿಡಬಹುದು ಎಂಬ ಭಯ ನನಗಿದೆ. ಅದನ್ನು ನಿಜವಾಗಿ ಹೇಳಬೇಕಾಗಿದ್ದುದು ಮುಖ್ಯಸ್ಥರ ಕೊಠಡಿಯಲ್ಲಿ, ಕಾಗದದ ಮೇಲೆ, ಸಹಿ ಹಾಕಿ. ನನ್ನದು ವರ್ಷಕ್ಕೊಮ್ಮೆ ನವೀಕರಿಸುವ ಕೆಲಸ. ನವೀಕರಣದ ಕಡತ ಅದೇ ವಾರ ಅದೇ ಮುಖ್ಯಸ್ಥರ ಮೇಜಿಗೆ ಹೋಗಿತ್ತು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಮೇಜು, ಕುರ್ಚಿ, ಗುರುತಿನ ಚೀಟಿ ಇರುವ ಕೆಲಸಕ್ಕೆ ಹೋದ ಮೊದಲನೆಯವಳೂ ನಾನೇ. ಸಭೆಯಿಂದ ಹೊರಬಂದು ಬಸ್ ನಿಲ್ದಾಣದವರೆಗೆ ನಡೆದೆ, ಬಸ್ಸು ಹತ್ತದೆ ಹಿಂದಿರುಗಿ ಸಂಸ್ಥೆಯ ಬಾಗಿಲವರೆಗೆ ಬಂದೆ, ಮತ್ತೆ ನಿಲ್ದಾಣಕ್ಕೆ ಹೋದೆ.

ಅವರು ಸೂಕ್ಷ್ಮಜೀವಿ ತಜ್ಞೆ. ಗೋವೆಯ ಮಡಗಾಂವ್‌ನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ಕೊಂಕಣಿ. ನಾನು ಮೇಡಂ ಎನ್ನುತ್ತಿದ್ದೆ. ಮೋತಿ ಡೊಂಗರ್‌ನ ನಮ್ಮ ಜನ, ಕರ್ನಾಟಕದಿಂದ ಕೂಲಿಗೆ ಬಂದು ಆ ಗುಡ್ಡದ ಮೇಲೆ ನೆಲೆಸಿದವರು, ಡಾಕ್ಟರಬಾಯಿ ಎನ್ನುತ್ತಿದ್ದರು. ಮೊಣಕಾಲಿನ ಕೆಳಗೆ ಇಳಿಯುವ ಹತ್ತಿಯ ಫ್ರಾಕು, ಕಾಲಿಗೆ ಗಂಡಸರ ಚಪ್ಪಲಿ, ಹೆಗಲ ಚೀಲದಲ್ಲಿ ಯಾವಾಗಲೂ ಒಂದು ಪೋಯ್ ರೊಟ್ಟಿ. ಹನ್ನೊಂದು ಗಂಟೆಗೆ ಅದನ್ನು ಮುರಿದು ಚಹಾದಲ್ಲಿ ಅದ್ದಿ ನಿಂತೇ ತಿನ್ನುತ್ತಿದ್ದರು. ವರದಿಗಳನ್ನೂ ನಡೆದಾಡುತ್ತಲೇ ಓದುತ್ತಿದ್ದರು. ಅವರ ಕೊಠಡಿಯಲ್ಲಿ ಕುರ್ಚಿ ಇತ್ತು. ಅದರ ಮೇಲೆ ಕಡತಗಳಿರುತ್ತಿದ್ದವು. "ಕುಂತು ಓದಿದ್ರ ಎಲ್ಲಾ ಸರಿ ಐತಿ ಅನಸ್ತೈತಿ ಬಾಯ್" ಎನ್ನುತ್ತಿದ್ದರು. ಬಾಯ್ ಎಂದರೆ ಇಲ್ಲಿಯ ಹಿರಿಯರು ಕಿರಿಯ ಹೆಣ್ಣುಮಕ್ಕಳನ್ನು ಕರೆಯುವ ರೀತಿ. ನನ್ನ ಹೆಸರನ್ನು ಅವರು ಕಡತದಲ್ಲಿ ಬರೆದದ್ದು ಉಂಟು, ಬಾಯಲ್ಲಿ ಹೇಳಿದ್ದು ನೆನಪಿಲ್ಲ.

ಅವರ ಕನ್ನಡ ನನ್ನನ್ನು ಮೊದಲ ದಿನವೇ ಗಲಿಬಿಲಿಗೊಳಿಸಿತು. ಸಂದರ್ಶನಕ್ಕೆಂದು ನಾನು ಇಂಗ್ಲಿಷಿನಲ್ಲಿ ಹತ್ತು ವಾಕ್ಯಗಳನ್ನೂ ಗ್ರಾಂಥಿಕ ಕನ್ನಡದಲ್ಲಿ ಹತ್ತು ವಾಕ್ಯಗಳನ್ನೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನನ್ನ ಅರ್ಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವರು ಕೇಳಿದ ಮೊದಲ ಪ್ರಶ್ನೆ, "ವಿಜಾಪುರ ಕಡೇಕಿ ಏನು? ಯಾವ ತಾಲೂಕ?" ಎಂದು. ಆಸ್ಪತ್ರೆಯ ವಾರ್ಡಿನಲ್ಲಿ ವರ್ಷಾನುಗಟ್ಟಲೆ ನಮ್ಮ ಕಡೆಯ ಕೂಲಿಕಾರರ ಮಾತು ಕೇಳಿ ಕಲಿತ ಕನ್ನಡ ಅದು. ನಾನು ಬಸ್ಸಿನಲ್ಲಿ ಅವ್ವನ ಫೋನು ಬಂದರೆ ದನಿ ತಗ್ಗಿಸುವವಳು. ನನ್ನೆದುರು ಒಬ್ಬ ದೊಡ್ಡ ವಿಜ್ಞಾನಿ ನನ್ನ ಅವ್ವನ ಹಾಗೆ ಮಾತನಾಡುತ್ತಿದ್ದರು. ನಾನು "ಇಂಡಿ ತಾಲ್ಲೂಕಿನವಳು, ಮಾನ್ಯರೇ" ಎಂದೆ. ಅವರು ಕನ್ನಡಕ ತೆಗೆದು ಫ್ರಾಕಿನ ಅಂಚಿನಿಂದ ಒರೆಸಿಕೊಂಡು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಬರೆಂ" ಎಂದರು. ಸರಿ, ಒಳ್ಳೆಯದು ಎಂಬುದಕ್ಕೆ ಕೊಂಕಣಿಯ ಮಾತು. ಕೆಲಸ ಸಿಕ್ಕಿತೆಂದು ತಿಳಿಯಲು ನನಗೆ ಇನ್ನೊಂದು ದಿನ ಬೇಕಾಯಿತು.

ಅವರು ಆಸ್ಪತ್ರೆ ಬಿಟ್ಟು ಲಸಿಕೆಯ ಕೆಲಸಕ್ಕೆ ಏಕೆ ಬಂದರೆಂಬುದನ್ನು ಒಂದೇ ಒಂದು ಸಲ ಹೇಳಿದರು. ಪ್ರಯೋಗಾಲಯದಲ್ಲಿ ರೋಗಿಯ ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ಪಟ್ಟಿ ಮಾಡುತ್ತಾರೆ. ಸಾಯದಿದ್ದರೆ ಔಷಧದ ಹೆಸರಿನ ಮುಂದೆ ಆರ್ ಎಂಬ ಅಕ್ಷರ. ಮೊದಲೆಲ್ಲ ಪಟ್ಟಿಯಲ್ಲಿ ಒಂದೋ ಎರಡೋ ಆರ್ ಇರುತ್ತಿದ್ದವಂತೆ. ವರ್ಷಗಳು ಕಳೆದಂತೆ ಅವು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ಒಂದು ದಿನ ಹುಟ್ಟಿ ನಾಲ್ಕು ದಿನವಾದ ಒಂದು ಕೂಸಿನ ವರದಿ ಬಂತು. ಮೇಲಿನಿಂದ ಕೆಳಗಿನವರೆಗೆ ಬರೀ ಆರ್. ಇಂಥ ವರದಿಯನ್ನು ವಾರ್ಡಿಗೆ ಫೋನಿನಲ್ಲಿ ಹೇಳುವುದು ಪದ್ಧತಿ. ಅವರು ತಾವೇ ವಾರ್ಡಿಗೆ ಹೋದರು. ಕೂಸಿನ ತಂದೆ ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬುವ ಕೆಲಸದವನು, ಬಾದಾಮಿ ಕಡೆಯವನು. ಅವನು ಕೇಳಿದನಂತೆ, "ಹೊರಗಿಂದ ಬರಕೊಡ್ರಿ ಬಾಯಾರ, ಎಲ್ಲಿದ್ರೂ ತರ್ತೇನಿ."

"ಎಲ್ಲೂ ಇದ್ದಿಲ್ಲ ಬಾಯ್" ಎಂದು ಮೇಡಂ ನನಗೆ ಹೇಳಿದರು. "ಔಷಧದ ಅಂಗಡಿ ಹೊತ್ಕೊಂಡು ಬಂದ್ರೂ ಆ ಕೂಸಿಗೆ ಕೊಡೂವಂಥಾದ್ದು ಒಂದೂ ಇದ್ದಿಲ್ಲ. ಅವಂಗ ಅದನ್ನ ಕನ್ನಡದಾಗ ಹೇಳಾಕ ನನಗ ಬಂತು. ಅವತ್ತು ಆ ಕನ್ನಡ ಕಲಿಬಾರದಿತ್ತು ಅನಿಸ್ತು."

ಇಷ್ಟು ಹೇಳಿ ಕೊಠಡಿಯ ಆ ಗೋಡೆಯಿಂದ ಈ ಗೋಡೆಗೆ ಎರಡು ಸಲ ನಡೆದರು. ರೋಗ ಬಂದಮೇಲೆ ತಮ್ಮ ಕೈಯಲ್ಲಿ ಏನೂ ಉಳಿದಿಲ್ಲ, ಬರುವ ಮೊದಲು ಏನಾದರೂ ಮಾಡಬಹುದೇ ನೋಡಬೇಕು ಎಂದು ಅವರು ಈ ಕಡೆಗೆ ಬಂದರು. ಬಸಿರಿಯರಿಗೆ ಆ ಬ್ಯಾಕ್ಟೀರಿಯಾದ ವಿರುದ್ಧ ಲಸಿಕೆ ಕೊಟ್ಟರೆ ತಾಯಿಯ ರಕ್ಷಣೆ ಗರ್ಭದಲ್ಲಿಯೇ ಕೂಸಿಗೆ ಇಳಿಯುತ್ತದೆ ಎಂಬುದು ಆಲೋಚನೆ. ಆದರೆ ಬಸಿರಿಯರ ಸರದಿ ಬಹಳ ದೂರ. ಮೊದಲು ಆರೋಗ್ಯವಂತ ವಯಸ್ಕರಿಗೆ ಕೊಟ್ಟು, ಮೈಗೆ ಒಗ್ಗುತ್ತದೆಯೇ, ಜ್ವರ ಬರುತ್ತದೆಯೇ, ಎಷ್ಟು ಬರುತ್ತದೆ, ಎಂಬುದನ್ನು ತಿಳಿಯಬೇಕು. ನಮ್ಮ ಪಾಲಿಗೆ ಬಂದದ್ದು ಆ ಮೊದಲ ಹಂತ. ಒಪ್ಪಿ ಬಂದವರಲ್ಲಿ ಹಲವರು ಮೋತಿ ಡೊಂಗರ್‌ನವರು. ಅವರ ಮನೆಗಳಿಗೆ ಹೋಗಿ ಬರುವ ಕೆಲಸ ನನ್ನದಾಯಿತು, ಏಕೆಂದರೆ ನಾನೂ ಆ ಗುಡ್ಡದವಳೇ.

ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರಲು ಮೇಡಂ ನನಗೆ ಹೇಳಿದರು. ನಾಲ್ಕು ದಿನ ನಿಘಂಟು ಹಿಡಿದು ಕುಳಿತೆ. "ಪ್ರತಿಜೀವಕ ನಿರೋಧಕ ಶಕ್ತಿಯನ್ನು ಗಳಿಸಿಕೊಂಡಿರುವ ಸೂಕ್ಷ್ಮಾಣುಗಳ ವಿರುದ್ಧ ಅಭಿವೃದ್ಧಿಪಡಿಸಲಾಗುತ್ತಿರುವ ಸದರಿ ಲಸಿಕೆಯು" ಎಂದು ಅದು ಆರಂಭವಾಗುತ್ತಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಮೇಡಂ, "ಇದನ್ನ ಮನ್ಯಾಗ ನಿಮ್ಮವ್ವಗ ಓದಿ ಹೇಳಿ ಬಾ" ಎಂದರು. ಅವ್ವ ಬೇರೆಯವರ ಮನೆಗಳಲ್ಲಿ ಅಡುಗೆ ಮಾಡಿ ಬಂದು ದಣಿದಿದ್ದಳು. ಕೈಕಟ್ಟಿ ಕುಳಿತು ಭಕ್ತಿಯಿಂದ ಕೇಳಿದಳು. ಓದಿ ಮುಗಿಸಿದಾಗ, "ಯಾರ ಲಗ್ನಪತ್ರ ಇದು?" ಎಂದಳು.

ನನಗೆ ಅಳು ಬಂತು. ಮೇಡಂ ಅದನ್ನು ಕೇಳಿ ಚಹಾ ಚೆಲ್ಲುವಷ್ಟು ನಕ್ಕರು. ನಂತರ ತಾವೇ ಗುಡ್ಡ ಹತ್ತಿ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಜನರನ್ನು ಸೇರಿಸಿದರು. ಪ್ರಯೋಗಾಲಯದಲ್ಲಿ ಅವರು ಒಂದು ಪರೀಕ್ಷೆಯನ್ನು ತೋರಿಸಿದ್ದರು: ತಟ್ಟೆಯಲ್ಲಿ ಬೆಳೆದ ಈ ಬ್ಯಾಕ್ಟೀರಿಯಾವನ್ನು ತಂತಿಯ ತುದಿಯಿಂದ ಮುಟ್ಟಿ ಮೇಲೆತ್ತಿದರೆ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬರುತ್ತದೆ, ಅದರ ಮೈಮೇಲಿನ ಅಂಟು, ಒಂದು ಬಗೆಯ ಸಕ್ಕರೆ. ಕಟ್ಟೆಯ ಮೇಲೆ ಅವರು ಅದನ್ನೇ ಹೇಳಿದರು.

"ಈ ಹುಳಕ್ಕ ಒಂದು ಸಕ್ಕರಿ ಅಂಗಿ ಐತ್ರಿ. ಗುಳಗಿಗೆ ಅದು ಈಗ ಅಂಜೂದಿಲ್ಲ. ಅದಕ್ಕ ನಿಮ್ಮ ಮೈಗೆ ಆ ಅಂಗಿ ಗುರುತು ಹಿಡ್ಯಾಕ ಕಲಸಾಕತ್ತೇವಿ. ಅಂಗಿ ಕಂಡ ಕೂಡ್ಲೆ ಮೈ ಬಡಿಬೇಕು."

ನಮ್ಮ ಎದುರು ಮನೆಯ ಹುಸೇನ್‌ಸಾಬ್ ಕಾಕಾ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು. ಬಂದರಿನಲ್ಲಿ ಚೀಲ ಹೊತ್ತು ಬೆನ್ನು ಹೋದಮೇಲೆ ಟೆಂಪೊ ಓಡಿಸುತ್ತಿದ್ದವರು ಅವರು. "ಮತ್ತ ಅದು ಅಂಗಿ ಬದ್ಲಿ ಮಾಡಿದ್ರ?"

ಮೇಡಂ ಅವರತ್ತ ಬೆರಳು ತೋರಿಸಿ ನನಗೆ ಹೇಳಿದರು, "ಪಳೆ, ನೋಡು ಬಾಯ್, ನಮ್ಮ ದೊಡ್ಡ ದೊಡ್ಡ ಸಭಾದಾಗ ಇದನ್ನ ಕೇಳಾಕ ಎರಡು ವರ್ಷ ತಗೊಂಡ್ರು." ಅನಂತರ ಕಾಕಾನಿಗೆ, "ಅದಕ್ಕ ನಾಕು ನಮೂನಿ ಅಂಗಿ ತೋರಸ್ತೇವಿ ಒಂದ ಸೂಜ್ಯಾಗ. ಐದನೇದ್ದು ಹಾಕ್ಕೊಂಡು ಬಂದ್ರ ಏನು ಮಾಡೋದು, ನನಗೂ ಗೊತ್ತಿಲ್ರಿ."

"ಗೊತ್ತಿಲ್ಲ ಅಂತ ಹೇಳೂ ಡಾಕ್ಟರ್‌ನ್ನ ಇವತ್ತ ನೋಡಿದೆ" ಎಂದರು ಕಾಕಾ. ಕೆಲವರಿಗೆ ಲಸಿಕೆ, ಕೆಲವರಿಗೆ ಬರೀ ಉಪ್ಪುನೀರು, ಯಾರಿಗೆ ಯಾವುದೆಂದು ನಮಗೂ ತಿಳಿದಿರುವುದಿಲ್ಲ ಎಂದಾಗ ಅವರು ಮತ್ತೆ, "ಉಪ್ಪುನೀರಿಗೆ ನಿಮ್ಮಲ್ಲೀತನಕ ಯಾಕ ಬರಬೇಕ್ರಿ, ಬಂದರದಾಗ ಕುಡದು ಕುಡದು ಸಾಕಾಗೇತಿ" ಎಂದರು. ಎಲ್ಲರೂ ನಕ್ಕರು. ಮಾರನೆಯ ದಿನ ಹೆಸರು ಕೊಟ್ಟವರಲ್ಲಿ ಮೊದಲಿಗರೂ ಅವರೇ.

ಚುಚ್ಚುಮದ್ದು ಕೊಟ್ಟಮೇಲೆ ಪ್ರತಿಯೊಬ್ಬರಿಗೂ ಏಳು ದಿನದ ಒಂದು ಕಾರ್ಡು. ದಿನವೂ ಜ್ವರ ನೋಡಿಕೊಂಡು ಬರೆಯಬೇಕು. ಕೈ ನೋವು, ತಲೆನೋವು, ತೆಗೆದುಕೊಂಡ ಮಾತ್ರೆ ಎಲ್ಲವನ್ನೂ ಬರೆಯಬೇಕು. ಮೇಡಂ ತರಬೇತಿಯಲ್ಲಿ ಇದನ್ನು ಕುರಿತೇ ಒಂದು ಇಡೀ ಬೆಳಿಗ್ಗೆ ಮಾತನಾಡಿದರು. ಕಾರ್ಡು ಅವರದು, ಅವರು ಬರೆದದ್ದೇ ಮೂಲ. ತಪ್ಪಿದ್ದರೆ ತಪ್ಪು ಕಾಣುವ ಹಾಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಅಳಿಸಬೇಡಿ. ನಾನು ಟಿಪ್ಪಣಿ ಮಾಡಿಕೊಂಡೆ. ಟಿಪ್ಪಣಿ ಪುಸ್ತಕ ಇಂದಿಗೂ ನನ್ನ ಬಳಿ ಇದೆ, ಎಲ್ಲವೂ ಅದರಲ್ಲಿದೆ. ಆದ್ದರಿಂದ ಹೇಳುತ್ತೇನೆ, ನನಗೆ ತಿಳಿಸಿರಲಿಲ್ಲ ಎಂಬುದು ಸುಳ್ಳು.

ಏಳು ದಿನಗಳ ನಂತರ ಗುಡ್ಡದಿಂದ ಹದಿನಾಲ್ಕು ಕಾರ್ಡುಗಳನ್ನು ಒಟ್ಟುಮಾಡಿದೆ. ಒಂದರ ಮೇಲೆ ಒಗ್ಗರಣೆಯ ಎಣ್ಣೆ ಹರಡಿತ್ತು. ಒಂದನ್ನು ಮಗು ಅಗಿದಿತ್ತು. ಬರೆಯಲು ಬಾರದ ಶಾಂತವ್ವ ಜ್ವರ ಬಂದ ದಿನಕ್ಕೆ ಕುಂಕುಮದ ಚುಕ್ಕಿ, ಕೈ ನೋವಿದ್ದ ದಿನಕ್ಕೆ ಅರಿಸಿನದ ಚುಕ್ಕಿ ಇಟ್ಟಿದ್ದಳು. ಜ್ವರ ಹೆಚ್ಚಿದ್ದರೆ ದೊಡ್ಡ ಚುಕ್ಕಿ. ಅವಳ ಸಾಲಿನ ಇನ್ನೂ ನಾಲ್ಕು ಹೆಂಗಸರು ಅವಳನ್ನು ನೋಡಿ ಹಾಗೆಯೇ ಮಾಡಿದ್ದರು. ಹುಸೇನ್‌ಸಾಬ್ ಕಾಕಾ ತಾವು ನುಂಗಿದ ಮಾತ್ರೆಗಳ ಖಾಲಿ ಹಾಳೆಯನ್ನೇ ಸೂಜಿ ದಾರದಿಂದ ಕಾರ್ಡಿಗೆ ಹೊಲಿದಿದ್ದರು. ಪ್ರತಿ ಮನೆಯಲ್ಲೂ ಕುಳಿತು, ಯಾವ ಗುರುತಿಗೆ ಏನರ್ಥ ಎಂದು ಕೇಳಿ ತಿಳಿದುಕೊಂಡೆ.

ಮುಂದಿನ ವಾರ ಲಸಿಕೆಯ ಕಂಪನಿಯಿಂದ ತಪಾಸಣೆಯ ಅಧಿಕಾರಿಗಳು ಬರುವವರಿದ್ದರು. ಅವರು ಈ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ನೋಡುವುದನ್ನು ನಾನು ಮನಸ್ಸಿನಲ್ಲಿ ಕಂಡೆ. ಕುಂಕುಮವನ್ನು ನೋಡಿ ಅವರ ತುಟಿ ಹೇಗೆ ಓರೆಯಾಗುತ್ತದೆಂಬುದನ್ನೂ ಕಂಡೆ. ಶಾಲೆಯಲ್ಲಿ ನನಗೆ ಫೇರ್ ಕಾಪಿಗೆಂದೇ ಬೇರೆ ಪುಸ್ತಕವಿತ್ತು. ಮೊದಲು ರಫ್, ಆಮೇಲೆ ಫೇರ್. ಚಿತ್ತು ಕಂಡರೆ ಅಂಕ ಹೋಗುತ್ತಿತ್ತು. ಅಪ್ಪನಿಗೆ ಓದು ಬಾರದು. ನನ್ನ ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದು, ಚಿತ್ತಿಲ್ಲದ ಹಾಳೆ ಕಂಡರೆ, "ಚಲೋ ಓದಾಕತ್ತಾಳ" ಎನ್ನುತ್ತಿದ್ದ. ನಾನು ಮುಂದೆ ಬಂದದ್ದು ಹಾಗೆ ಬರೆದು ಬರೆದೇ.

ಭಾನುವಾರ ಬೆಳಿಗ್ಗೆ ಹೊಸ ಕಾರ್ಡುಗಳನ್ನು ಹರಡಿಕೊಂಡು ಹದಿನಾಲ್ಕನ್ನೂ ದುಂಡಗಿನ ಅಕ್ಷರದಲ್ಲಿ ನಕಲು ಮಾಡಿದೆ. ಚುಕ್ಕಿಗಳು ಅಂಕಿಗಳಾದವು. ಹೊಲಿದ ಹಾಳೆಯನ್ನು ಕಿತ್ತು, "ಜ್ವರದ ಮಾತ್ರೆ" ಎಂದು ಬರೆದೆ. ಹಾಳೆಯ ಮೇಲಿದ್ದ ಹೆಸರನ್ನು ಓದಲೂ ಇಲ್ಲ. ಸಂಜೆ ಮನೆಮನೆಗೆ ಹೋಗಿ ಮತ್ತೆ ಸಹಿ, ಹೆಬ್ಬೆಟ್ಟು ತೆಗೆದುಕೊಂಡು ಬಂದೆ. ಏಕೆ ಎಂದು ಯಾರೂ ಕೇಳಲಿಲ್ಲ. ನಾನು ಕೇಳಿದೆನೆಂದೇ ಒತ್ತಿದರು. ಹಳೆಯವನ್ನು ಕಸದ ಚೀಲಕ್ಕೆ ಹಾಕಿದೆ.

ಸೋಮವಾರ ಮೇಡಂ ಎಂದಿನಂತೆ ನಡೆದಾಡುತ್ತಾ ಕಾರ್ಡುಗಳನ್ನು ನೋಡುತ್ತಿದ್ದರು. ನಾಲ್ಕನೆಯದಕ್ಕೆ ನಡಿಗೆ ನಿಧಾನವಾಯಿತು. ಏಳನೆಯದಕ್ಕೆ ನಿಂತರು.

"ಬಾಯ್, ಗುಡ್ಡದಾಗ ಎಲ್ಲಾರ ಮನ್ಯಾಗೂ ಒಂದ ಪೆನ್ ಐತೇನು?"

ಅವರು ಕಾರ್ಡೊಂದನ್ನು ಮೂಗಿನ ಹತ್ತಿರ ಹಿಡಿದರು. "ಹದಿನಾಕು ಮನಿ. ಎಣ್ಣಿ ಇಲ್ಲ, ಬೀಡಿ ವಾಸನಿ ಇಲ್ಲ."

"ಎಲ್ಲವನ್ನೂ ಫೇರ್ ಕಾಪಿ ಮಾಡಿದ್ದೇನೆ, ಮೇಡಂ" ಎಂದೆ. ಹೆಮ್ಮೆಯಿಂದ ಹೇಳಿದೆ. ಮೆಚ್ಚುತ್ತಾರೆಂದು ಕಾದೆ.

ಅವರು ಕುರ್ಚಿಯ ಮೇಲಿನ ಕಡತಗಳನ್ನು ಕೆಳಗಿಳಿಸಿ ಕುಳಿತರು. ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಹಳೇವು ಎಲ್ಲಿ?" ಎಂದರು. ಹೇಳಿದೆ. ಬೈಯಲಿಲ್ಲ. "ಓಡು" ಎಂದರು.

ಗುಡ್ಡದ ಮೆಟ್ಟಿಲುಗಳನ್ನು ಅಷ್ಟು ವೇಗವಾಗಿ ನಾನು ಎಂದೂ ಹತ್ತಿರಲಿಲ್ಲ. ಕಸದ ಗಾಡಿ ಬೆಳಿಗ್ಗೆಯೇ ಬಂದು ಹೋಗಿತ್ತು. ಅವ್ವ ಕೆಲಸಕ್ಕೆ ಹೊರಟು ನಿಂತಿದ್ದಳು.

"ಅವ್ವಾ, ಆ ಚೀಲ?"

"ಗಾಡಿಗೆ ಹಾಕಿದೆ. ಯಾಕ?"

ಗಾಡಿ ಯಾವ ಕಡೆ ಹೋಯಿತೆಂದು ನೋಡಲು ನಾನು ಹೊಸ್ತಿಲಿನಿಂದಲೇ ತಿರುಗಿದೆ. ಅವ್ವ ನನ್ನನ್ನು ನೋಡಿ, "ಆ ಕುಂಕುಮದ ಹಾಳಿ ಹಾಕಿಲ್ಲೇಳ. ಕುಂಕುಮ ಹಚ್ಚಿದ್ದನ್ನ ಯಾರರ ಕಸದಾಗ ಹಾಕ್ತಾರ? ಹೊಳಿಗಿ ಬಿಟ್ಟರಾತು ಅಂತ ದೇವರ ಮಾಡದಾಗ ಇಟ್ಟೇನಿ" ಎಂದಳು. ಗೋಡೆಯ ಗೂಡಿನಲ್ಲಿ, ದೇವರ ಪಟದ ಹಿಂದೆ, ಐದು ಕಾರ್ಡುಗಳು ಮಡಚಿಕೊಂಡಿದ್ದವು. ಉಳಿದ ಒಂಬತ್ತು ಹೋದವು. ಕಾಕಾನ ಕಾರ್ಡು ಆ ಒಂಬತ್ತರಲ್ಲಿತ್ತು.

ಐದನ್ನು ಮೇಡಂ ಎರಡು ಕೈಯಲ್ಲಿ ತೆಗೆದುಕೊಂಡರು. ಶಾಂತವ್ವನ ಚುಕ್ಕಿಗಳನ್ನು ಬಹಳ ಹೊತ್ತು ನೋಡಿದರು. "ಸಣ್ಣ ಜ್ವರಕ್ಕ ಸಣ್ಣದು, ದೊಡ್ಡ ಜ್ವರಕ್ಕ ದೊಡ್ಡದು. ಇದಕ್ಕಿಂತ ಚಲೋ ನಕ್ಷಾ ನಾನು ಮಾಡಿಲ್ಲ ಬಾಯ್" ಎಂದರು. ಅದೇ ಸಂಜೆ, ಊದಿದ ಮೊಣಕಾಲಿನಲ್ಲಿ, ನನ್ನ ಜೊತೆಗೆ ಗುಡ್ಡ ಹತ್ತಿದರು. ಒಂಬತ್ತು ಮನೆಗಳಿಗೂ ಹೋದೆವು. ಎಲ್ಲೆಡೆ ಅವರದು ಒಂದೇ ಮಾತು: ನಿಮ್ಮ ಕಾರ್ಡು ನಮ್ಮ ಕೈಯಲ್ಲಿ ಹಾಳಾಗಿದೆ, ನಿಮ್ಮ ಏಳು ದಿನ ಲೆಕ್ಕಕ್ಕೆ ಬರುವುದಿಲ್ಲ, ತಪ್ಪು ನನ್ನದು.

ಕಾಕಾನಿಗೆ ಸಿಟ್ಟು ಬಂತು. "ಮೂರು ದಿನ ಮಕ್ಕೊಂಡಿದ್ದೆ ನಾ. ಟೆಂಪೊ ಬಿಟ್ಟು ಮಕ್ಕೊಂಡಿದ್ದೆ. ಅದು ಜ್ವರ ಅಲ್ಲೇನು?"

"ಜ್ವರನ ರೀ. ಆದ್ರ ಈಗ ನನಗ ಅದನ್ನ ಖರೇ ಅಂತ ತೋರಸಾಕ ಬರಾಂಗಿಲ್ಲ."

ಕಾಕಾ ಬೀಡಿಯನ್ನು ಬೆರಳಲ್ಲಿ ತಿರುಗಿಸಿದರು. ಯಾವ ಕಾರ್ಡುಗಳು ಉಳಿದವು, ಹೇಗೆ ಉಳಿದವು ಎಂದು ಕೇಳಿ ತಿಳಿದುಕೊಂಡು, "ಹಂಗಾರ ನಾವೂ ಒಂದು ಕುಂಕುಮ ಇಡಬೇಕಿತ್ತು ನೋಡ್ರಿ" ಎಂದರು. ಮೇಡಂ ನಗಲಿಲ್ಲ. "ನೀವು ಹೊಲದಿದ್ದ ಗುಳಗಿ ಯಾವುದಿತ್ತು?" ಎಂದು ಕೇಳಿದರು.

ಕಾಕಾ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದು ಚಾಪೆಯ ಮೇಲೆ ಸುರಿದರು. ನಮ್ಮ ಗುಡ್ಡದ ಪ್ರತಿ ಮನೆಯಲ್ಲೂ ಅಂಥ ಒಂದು ಡಬ್ಬಿ ಇದೆ. ನಮ್ಮ ಮನೆಯಲ್ಲೂ ಇತ್ತು. ಯಾರಿಗೋ ಬರೆದುಕೊಟ್ಟ ಐದು ದಿನದ ಮಾತ್ರೆಯಲ್ಲಿ ಎರಡು ದಿನಕ್ಕೆ ಗುಣವಾಗಿ ಉಳಿದವು, ಇನ್ನೊಬ್ಬರಿಗೆ ಬೇಕಾದಾವು ಎಂದು ಎತ್ತಿಟ್ಟವು. "ಮೂರು ಉಳಿದಿದ್ದು. ನಾ ಎರಡು ತಗೊಂಡೆ. ಒಂದು ಈಕಿಗೆ ಕೊಟ್ಟೆ, ಈಕಿಗೂ ಮೈ ಬಿಸಿ ಇತ್ತು" ಎಂದರು, ಹೆಂಡತಿಯತ್ತ ತೋರಿಸಿ. ಹಂಚಿಕೊಂಡು ತಿಂದೆವೆಂಬ ತೃಪ್ತಿ ಆ ಮಾತಿನಲ್ಲಿತ್ತು. ಮೇಡಂ ಚಾಪೆಯ ಮೇಲೆ ಕುಳಿತು ಮಾತ್ರೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಹೆಸರು ಓದಿದರು. ಕೂಸಿನ ವರದಿಯಲ್ಲಿದ್ದ ಔಷಧಗಳ ಸಾಲಿನಲ್ಲಿ ನಾಲ್ಕಾರು ಇಲ್ಲಿಯೇ ಇದ್ದವು, ನಾನು ಜ್ವರದ ಮಾತ್ರೆ ಎಂದು ಬರೆದದ್ದೂ ಅಂಥದ್ದೇ ಇರಬೇಕು ಎಂದು ಗುಡ್ಡ ಇಳಿಯುವಾಗ ನನಗೆ ಹೇಳಿದರು. ಕಾಕಾನಿಗೆ ಮಾತ್ರ ಇಷ್ಟೇ ಹೇಳಿದರು: "ಅರ್ಧಾ ತಿಂದ್ರ ಹುಳ ಸಾಯೂದಿಲ್ಲ ಕಾಕಾ, ಶಾಣ್ಯಾ ಆಗ್ತೈತಿ. ಆ ಶಾಣ್ಯಾ ಹುಳಕ್ಕ ನಾವು ಈಗ ಸೂಜಿ ಹುಡಕಾಕತ್ತೇವಿ."

ಈ ಎಲ್ಲ ಹೊತ್ತಿನಲ್ಲಿ ನಾನು ಬಾಗಿಲ ಬಳಿ ನಿಂತಿದ್ದೆ. ಒಂಬತ್ತು ಮನೆಗಳಲ್ಲಿ ಒಂಬತ್ತು ಸಲ "ತಪ್ಪು ನನ್ನದು" ಎಂದವರು ಅವರು. ನಾನು ಬಾಯಿ ತೆರೆಯಲಿಲ್ಲ. ಕಾಕಾ ನನ್ನನ್ನು ಎತ್ತಿ ಆಡಿಸಿದವರು. ಅವರಿಗೆ ಗೊತ್ತಾಗಿರಬೇಕು, ಮೊದಲ ಕಾರ್ಡನ್ನು ಒಯ್ದವಳೂ ಎರಡನೆಯದಕ್ಕೆ ಸಹಿ ತೆಗೆದುಕೊಂಡವಳೂ ನಾನೇ ಅಲ್ಲವೇ. ಹೊರಡುವಾಗ, "ಊಟ ಮಾಡಿಲ್ಲೇನ ತಂಗಿ, ಮಾರಿ ಸಣ್ಣ ಆಗೇತಿ" ಎಂದರು, ಅಷ್ಟೇ.

ಮಾರನೆಯ ದಿನ ಮೇಡಂ ಲೋಪದ ವರದಿ ಬರೆದರು. ಕಾರ್ಡುಗಳನ್ನು ಸಿಬ್ಬಂದಿ ನಕಲು ಮಾಡಿದ್ದು, ಒಂಬತ್ತು ಮೂಲಗಳು ನಷ್ಟವಾದದ್ದು, ಐದು ದೊರೆತದ್ದು, ಎಲ್ಲಿ ಮತ್ತು ಹೇಗೆ ದೊರೆತವೆಂಬುದು, ಎಲ್ಲವೂ ಅದರಲ್ಲಿತ್ತು. ಕಾರಣ ಎಂಬಲ್ಲಿ, "ನಾನು ನೀಡಿದ ತರಬೇತಿ ಸಾಲದಾಗಿತ್ತು" ಎಂದು ಬರೆದಿದ್ದರು. ನಾನು ಅದನ್ನು ಎರಡು ಸಲ ಓದಿ, "ಇಲ್ಲಿ ನನ್ನ ಹೆಸರು ಬರಬೇಕಲ್ಲವೇ ಮೇಡಂ?" ಎಂದು ಕೇಳಿದೆ. ಬರಬೇಕೆಂದು ಕೇಳಿದೆನೋ, ಬರುವುದಿಲ್ಲ ತಾನೇ ಎಂದು ಖಚಿತಪಡಿಸಿಕೊಳ್ಳಲು ಕೇಳಿದೆನೋ, ಹೇಳಲಾರೆ.

"ನಿನ್ನ ಹೆಸರು ಬರದ್ರ ನಿನ್ನ ತಗದು ಬ್ಯಾರೇದಾರನ್ನ ತರ್ತಾರ. ಆ ಬ್ಯಾರೇದಾರು ಗುಡ್ಡ ಹತ್ತಾಂಗಿಲ್ಲ" ಎಂದರು. ಪೋಯ್ ಮುರಿದು ಅರ್ಧವನ್ನು ನನ್ನ ಮುಂದಿಟ್ಟರು.

ನಾನು ಅದನ್ನು ತಿಂದೆ. ಇಷ್ಟು ವರ್ಷ ಅದನ್ನು ಕರುಣೆ ಎಂದೇ ತಿಳಿದಿದ್ದೆ. ಈಗ ಹಾಗೆ ಮಾತ್ರ ತಿಳಿಯಲು ಆಗುತ್ತಿಲ್ಲ. ಇದ್ದದ್ದು ಇದ್ದಹಾಗೆ ಕಾಣಬೇಕೆಂದು ಹಟ ಹಿಡಿದವರು ಒಂದು ಕಡೆ ಮಾತ್ರ ಇದ್ದದ್ದನ್ನು ಮುಚ್ಚಿದರು, ಅದೂ ನನಗಾಗಿ. ಅವರ ಕೆಲಸದಲ್ಲಿ ಕಳಂಕ ಎಂದು ಏನಾದರೂ ಇದ್ದರೆ ಅದು ಆ ಬಿಟ್ಟುಹೋದ ಹೆಸರು. ಹೀಗೆ ಬರೆಯುವಾಗ ಅವರನ್ನು ದೂರುತ್ತಿದ್ದೇನೆಯೇ ಎಂದು ಅಳುಕಾಗುತ್ತದೆ. ಆದರೆ ಅವರ ವ್ಯಕ್ತಿಚಿತ್ರವನ್ನು ನಾನು ಫೇರ್ ಕಾಪಿ ಮಾಡಲಾರೆ.

ಅವರು ನಿವೃತ್ತರಾಗಿ ಒಂದು ವರ್ಷವಾಗಿತ್ತು. ಯಾವ ಬ್ಯಾಕ್ಟೀರಿಯಾವೂ ಅವರನ್ನು ಒಯ್ಯಲಿಲ್ಲ. ಮಧ್ಯಾಹ್ನ ಮೀನು ತರಲು ಹೋಗಿದ್ದಾಗ ಹೃದಯ ನಿಂತಿತಂತೆ, ಮಾರುಕಟ್ಟೆಯ ನಡುವೆ, ನಡೆಯುತ್ತಿದ್ದಾಗಲೇ. ಲಸಿಕೆ ಇನ್ನೂ ಬಂದಿಲ್ಲ. ಮೊದಲ ಹಂತ ಮುಗಿದು ಕೆಲಸ ಮುಂದಕ್ಕೆ ಹೋಗಿದೆ. ಬಸಿರಿಯರವರೆಗೆ ಇನ್ನೂ ತಲುಪಿಲ್ಲ. ಅದು ಕೂಸುಗಳನ್ನು ಉಳಿಸುತ್ತದೆಯೇ ಎಂಬುದು ತಿಳಿಯದೆಯೇ ಅವರು ಹೋದರು. ನಮಗೂ ತಿಳಿದಿಲ್ಲ.

ಸಭೆಯಾದ ಮೇಲೆ ಹತ್ತು ದಿನ ನಾನು ಆ ಕಾಗದವನ್ನು ಬರೆದೆ, ಹರಿದೆ. ಒಂದರಲ್ಲಿ ವಿನಯ ಹೆಚ್ಚಾಯಿತು, ಇನ್ನೊಂದರಲ್ಲಿ ಕಾರಣಗಳು ಹೆಚ್ಚಾದವು. ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ಕೆಲಸಾ ಹೋಗತೈತೇನು?"

"ಹೋಗಬಹುದು."

"ನಿನಗ ಬ್ಯಾರೆ ಕಡೆ ಸಿಗತೈತಿ. ಓದಿದಾಕಿ ಅದಿ" ಎಂದಳು. ಅಕ್ಕಿಯಿಂದ ಒಂದು ಕಲ್ಲು ತೆಗೆದೆಸೆದು, "ಹೋಗದಿದ್ರ ಚಲೋ" ಎಂದಳು.

ಹನ್ನೊಂದನೆಯ ದಿನ ಮುಖ್ಯಸ್ಥರ ಕೊಠಡಿಗೆ ಹೋದೆ. ಕೊನೆಗೆ ಉಳಿದದ್ದು ಆರು ಸಾಲು. ಮೂಲಗಳನ್ನು ನಕಲು ಮಾಡಿ ಬಿಸಾಡಿದವಳು ನಾನು, ಹಾಗೆ ಮಾಡಬಾರದೆಂದು ನನಗೆ ಮೊದಲೇ ಕಲಿಸಲಾಗಿತ್ತು, ತರಬೇತಿಯ ನನ್ನ ಟಿಪ್ಪಣಿಯನ್ನು ಲಗತ್ತಿಸಿದ್ದೇನೆ, ಇದನ್ನು ಆ ವರದಿಯ ಜೊತೆಗೆ ಸೇರಿಸಬೇಕು. ಅವರು ಓದಿದರು. ಕಡತ ಎಂದೋ ಮುಚ್ಚಿದೆ ಎಂದರು. ಸಭೆಯಲ್ಲಿ ತಾವು ಹೇಳಿದ್ದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ನನ್ನ ನವೀಕರಣದ ಕಡತ ಅವರ ಎಡಗೈಯ ಬಳಿಯೇ ಇತ್ತು. ಅದರ ಮೇಲೆ ನನ್ನ ಹೆಸರು ತಲೆಕೆಳಗಾಗಿ ಕಾಣುತ್ತಿತ್ತು.

"ಸೇರಿಸಲೇಬೇಕೇ?" ಎಂದು ಕೇಳಿದರು.

"ಸೇರಿಸಬೇಕು, ಸರ್."

ಅವರು ಕಾಗದವನ್ನು ನನ್ನ ಕಡೆಗೆ ತಿರುಗಿಸಿ ಸಹಿಯ ಕೆಳಗಿನ ಖಾಲಿ ಜಾಗವನ್ನು ತೋರಿಸಿದರು. "ದಿನಾಂಕ ಬರೆದಿಲ್ಲ. ಆ ವರದಿಯ ದಿನಾಂಕವನ್ನೇ ಹಾಕಿಬಿಡಿ. ಆಗಲೇ ಹೇಳಿದ್ದಿರಿ ಎಂದಾಗುತ್ತದೆ. ನಿಮಗೂ ಒಳ್ಳೆಯದು, ಸಂಸ್ಥೆಗೂ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಪೆನ್ನನ್ನೂ ತಾವೇ ಕೊಟ್ಟರು. ನಾನು ನಿಂತಲ್ಲಿಯೇ ಬಾಗಿ, ವರದಿಯದನ್ನು ಬಿಟ್ಟು ಅಂದಿನ ದಿನಾಂಕವನ್ನೇ ಬರೆದು, ಕಾಗದವನ್ನು ಅವರ ಕಡೆಗೆ ತಿರುಗಿಸಿದೆ.